ಬಂಗಡೆ ಕಟ್ಟೆಯ ಮಾಳವ್ವನ ಮಾತು

ಕಡಲನ್ನೇ ಕಾಣದ ಮಾಳವ್ವ ಕಡಲಿನ ಸುದ್ದಿ ಹೇಳುತ್ತಿದ್ದಳು ಎಂದರೆ ನಗುವವರು ನಗಲಿ. ಹಳೇ ಹುಬ್ಬಳ್ಳಿಯ ಆ ಚಿಕ್ಕ ಮೀನುಪೇಟೆಯಲ್ಲಿ ಇದ್ದದ್ದು ಹನ್ನೊಂದು ಕಟ್ಟೆ. ಹನ್ನೊಂದು ಕಟ್ಟೆಯ ಹೆಂಗಸರೂ ಮಾಳವ್ವನ ಬಾಯಿ ನೋಡಿ ತಮ್ಮ ಬಾಯಿ ತೆರೆಯುತ್ತಿದ್ದರು. ಅವಳು "ಇನ್ನೂ ಎಂಟ ದಿನ ಮೀನಿಗೆ ಕೊರತಿ ಇಲ್ಲ" ಎಂದರೆ ಕಾರವಾರದಿಂದ ಲಾರಿಯಲ್ಲಿ ಮೀನು ತರುವ ಗುಲಾಬಸಾಬನಿಗೆ ಹೆಚ್ಚು ಪುಟ್ಟಿ ಹೇಳುತ್ತಿದ್ದರು. "ಕಡಲು ಹಿಂದ ಸರದೈತಿ" ಎಂದರೆ ಒಂದೊಂದೇ ಪುಟ್ಟಿ ಹೇಳಿ ಸುಮ್ಮನಾಗುತ್ತಿದ್ದರು.

ಅವಳಿಗೆ ಈ ವಿದ್ಯೆ ಬಂದದ್ದು ಅತ್ತೆಯಿಂದ. ಹೆಬ್ಬಳ್ಳಿಯ ಹೊಲಮನೆಯ ಹುಡುಗಿ, ಹುಬ್ಬಳ್ಳಿಯ ಹೊಳೆಯಪ್ಪನನ್ನು ಮದುವೆಯಾಗಿ ಬಂದಾಗ ಮೀನಿನ ವಾಸನೆಗೆ ಒಂದು ತಿಂಗಳು ಉಂಡದ್ದೆಲ್ಲ ಕಕ್ಕಿದಳು. ಬಸುರಿಯಾಗಿದ್ದಾಳೆಂದು ಓಣಿಯೆಲ್ಲ ಸಕ್ಕರೆ ಕೇಳಿತು. ಎರಡನೆಯ ತಿಂಗಳು ಅತ್ತೆ ಅವಳ ಕೈಗೆ ಚಾಕು ಕೊಟ್ಟು ಕಟ್ಟೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡಳು. ಲಾರಿಯಿಂದ ಇಳಿದ ಮೊದಲ ಬಂಗಡೆಯ ಹೊಟ್ಟೆ ಸೀಳಿ ತೋರಿಸಿದಳು. ಒಳಗೆ ಹಸಿರು ಲೋಳೆ ತುಂಬಿದ್ದರೆ ಮೀನು ದಂಡೆಯ ಹತ್ತಿರವೇ ಮೇಯುತ್ತಿದೆ, ಇನ್ನೂ ಬರುತ್ತದೆ. ಹೊಟ್ಟೆ ಖಾಲಿ ಇದ್ದು ಕರುಳು ಅಂಟಿಕೊಂಡಿದ್ದರೆ ಮೇವು ಮುಗಿದಿದೆ, ಮೀನು ಹೊರಟಿದೆ. ಇಷ್ಟೇ ಪಾಠ. ಆದರೆ ಹಸಿರಿನಲ್ಲೂ ಹತ್ತು ಹಸಿರು. ಅದನ್ನು ಕಲಿಯಲು ಮಾಳವ್ವನಿಗೆ ಹತ್ತು ವರ್ಷ ಹಿಡಿಯಿತು.

ಪೇಟೆಗೆ ಒಂದು ಕಟ್ಟಳೆ ಇತ್ತು. ಒಂದು ಕಟ್ಟೆಗೆ ಒಂದೇ ಮೀನು. ಪಕ್ಕದ ಸಿತಾರಾಳದು ಸಿಗಡಿ ಕಟ್ಟೆ, ಮಾಳವ್ವನದು ಬಂಗಡೆ ಕಟ್ಟೆ. ಒಬ್ಬರ ಮೀನನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮಳೆಗಾಲದಲ್ಲಿ ದೋಣಿ ನಿಂತ ದಿನಗಳನ್ನು ಬಿಟ್ಟು, ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯವರೆಗೆ ಯಾರ ಪುಟ್ಟಿ ಒಮ್ಮೆಯೂ ತುಂಬಲಿಲ್ಲವೋ ಅವರು ಕಟ್ಟೆ ಇಳಿಯಬೇಕು. ಸರದಿಯಲ್ಲಿ ಕಾಯುತ್ತಿರುವವರು ತಮ್ಮ ಮೀನು ತಂದು ಏರಬೇಕು. "ಮೀನು ದಾರಿಯಲ್ಲಿದೆ" ಎಂದು ಕಟ್ಟೆಯವಳೇ ಹಿರಿಯರ ಮುಂದೆ ಮಾತು ಕೊಟ್ಟರೆ ಮಾತ್ರ ಇನ್ನೊಂದು ಅಮಾವಾಸ್ಯೆಯವರೆಗೆ ಅವಕಾಶ. ಪೇಟೆಯ ಹಿರಿಯ ಗೋವಿಂದಪ್ಪ ಇದನ್ನು ಅಕ್ಷರ ಬಿಡದೆ ನಡೆಸುತ್ತಿದ್ದ. ಅವನ ಸ್ವಂತ ತಂಗಿ ಹೀಗೇ ಕಟ್ಟೆ ಇಳಿದಿದ್ದಳು.

ಹೊಟ್ಟೆಯಲ್ಲಿನ ಹಸಿರು ಎಲ್ಲಿಂದ ಬರುತ್ತದೆ ಎಂದು ಮಾಳವ್ವನಿಗೆ ಹೇಳಿದವನು ಶಿವಯೋಗೀಶ. ಧಾರವಾಡದ ಮಾಳಮಡ್ಡಿಯವನು, ಮೂವತ್ತರ ಹತ್ತಿರದ ಗಂಡಸು. ಮನೆಯಲ್ಲಿ ಲಿಂಗಪೂಜೆಯಾಗದೆ ನೀರೂ ಕುಡಿಯದ ಮಂದಿ. ಇವನು ಮಾತ್ರ ಕಾರವಾರದಲ್ಲಿ ಕಡಲ ಜೀವಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದ. ಮಗ ಅಲ್ಲಿ ನೀರಿನ ಪರೀಕ್ಷೆ ಮಾಡುತ್ತಾನೆಂದು ತಾಯಿ ಈರವ್ವ ತಿಳಿದಿದ್ದಳು. ರಜೆಗೆ ಊರಿಗೆ ಬಂದಾಗ ಹುಬ್ಬಳ್ಳಿಯಲ್ಲಿಳಿದು ಈ ಪೇಟೆಗೆ ಬಂದು, ಮಾಳವ್ವ ಸೀಳಿದ ಹೊಟ್ಟೆಗಳನ್ನು ನೋಡಿ ಬರೆದುಕೊಳ್ಳುತ್ತಿದ್ದ. ಆಮೇಲೆ ನಳದ ಕೆಳಗೆ ನಿಂಬೆಹಣ್ಣು ಹಚ್ಚಿ ಹಚ್ಚಿ ಕೈ ತಿಕ್ಕುತ್ತಿದ್ದ.

"ಎಷ್ಟ ತಿಕ್ಕಿದ್ರೂ ನಿಮ್ಮವ್ವನ ಮೂಗು ಬಿಡೂದಿಲ್ರಿ ಸಾಹೇಬ್ರ," ಎಂದು ಸಿತಾರಾ ಕಾಡುತ್ತಿದ್ದಳು.

ತೊಂಬತ್ತಾರರಲ್ಲಿ ಒಂದು ದಿನ ಅವನು ಮಾಳವ್ವನಿಗೆ ಬಿಡಿಸಿ ಹೇಳಿದ. "ಮಳಿಗಾಲದ ಗಾಳಿ ಕಡಲಿನ ಮ್ಯಾಲಿನ ನೀರನ್ನ ದಂಡಿಯಿಂದ ದೂರ ಒತ್ತತೈತ್ರಿ. ಆ ಜಾಗಾಕ್ಕ ತಳದ ತಣ್ಣನ ನೀರು ಮ್ಯಾಲ ಏರತೈತಿ. ತಳದಾಗ ಕುಂತಿದ್ದ ಸತ್ವ ಎಲ್ಲಾ ಅದರ ಜೋಡಿ ಬರತೈತಿ. ಬಿಸಲು ಬಿದ್ದ ಕೂಡಲೆ ಕಣ್ಣಿಗೆ ಕಾಣದಷ್ಟು ಸಣ್ಣ ಹಸರು ಹುಟ್ಟತೈತಿ. ಅದನ್ನೂ ಅದನ್ನ ಮೇಯೋ ಸಣ್ಣ ಹುಳಾನೂ ತಿನ್ನಾಕ ಬಂಗಡಿ ಹಿಂಡು ದಂಡಿಗೆ ಬರತೈತಿ."

"ಅಂದ್ರ ಗಾಳಿ ಕಡಲಿಗೆ ರಂಟಿ ಹೊಡಿತೈತಿ ಅನ್ರಿ. ಕೆಳಗಿನ ಮಣ್ಣು ಮ್ಯಾಲ, ಮ್ಯಾಲಿಂದು ಕೆಳಗ," ಎಂದಳು ಮಾಳವ್ವ.

"ಖರೇ ಅಂದ್ರಿ."

"ಗಾಳಿ ಸೋತ ವರ್ಷ?"

"ನೀರು ಬೆಚ್ಚಗ ಉಳೀತೈತಿ. ಹಸರು ಹುಟ್ಟೂದಿಲ್ಲ. ಬಂಗಡಿ ತಣ್ಣನ ನೀರು ಹುಡುಕ್ಕೋಂತ ತೆಂಕಣಕ್ಕರ ಹೋಗತೈತಿ, ಆಳಕ್ಕರ ಇಳೀತೈತಿ."

ಮಾಳವ್ವ ಅವತ್ತು ಮನೆಗೆ ಹೋಗಿ ಹೊಳೆಯಪ್ಪನಿಗೆ, ನಮ್ಮ ಕಟ್ಟೆ ಕಲ್ಲಿನ ಮೇಲಿಲ್ಲ, ಗಾಳಿಯ ಮೇಲಿದೆ ಎಂದು ಹೇಳಿದಳು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ದಿನವಿಡೀ ಚೀಲ ಹೊತ್ತು ಬಂದಿದ್ದ ಹೊಳೆಯಪ್ಪ ಹೂಂಗುಟ್ಟಿ ಮಲಗಿದ.

ಮರುವರ್ಷ, ತೊಂಬತ್ತೇಳರಲ್ಲಿ, ಮಳೆಗಾಲ ಮುಗಿದು ದೋಣಿ ಇಳಿದ ಮೇಲೆ ಗುಲಾಬಸಾಬನ ಲಾರಿ ತಡವಾಗಿ ಬರತೊಡಗಿತು. ಮುಂಜಾನೆ ಆರಕ್ಕೆ ಬರಬೇಕಾದದ್ದು ಹತ್ತಕ್ಕೆ, ಹನ್ನೊಂದಕ್ಕೆ. ಕೇಳಿದರೆ ಘಟ್ಟದಲ್ಲಿ ಕೆಟ್ಟಿತ್ತು ಎನ್ನುತ್ತಿದ್ದ, ಮರುದಿನ ಟಾಯರ್ ಎನ್ನುತ್ತಿದ್ದ. ಇಪ್ಪತ್ತು ವರ್ಷದಿಂದ ಲಾರಿ ಹೊಡೆಯುತ್ತಿದ್ದವನು, ಯಾರೂ ಅನುಮಾನಪಡಲಿಲ್ಲ. ಮೀನು ಬರುತ್ತಿತ್ತಲ್ಲ, ಅದೇ ಸಮಾಧಾನ. ಮಾಳವ್ವ ಹೊಟ್ಟೆ ಸೀಳಿ ನೋಡಿದಳು. ಹಸಿರು ತುಂಬಿ ತುಳುಕುತ್ತಿತ್ತು.

ಅಕ್ಟೋಬರ್ ಮೊದಲ ವಾರದಲ್ಲಿ ಮಲ್ಪೆಯ ಒಬ್ಬ ಸಾಹುಕಾರ ಪೇಟೆಗೆ ಬಂದ. ಮಾರ್ಚ್‌ವರೆಗೆ ತನ್ನ ಲಾರಿಯ ಮೀನನ್ನೇ ಕೊಳ್ಳುವುದಾಗಿ ಹನ್ನೊಂದು ಕಟ್ಟೆಯವರೂ ಮಾತು ಕೊಟ್ಟರೆ ದಿನಾ ಕಳಿಸುತ್ತೇನೆಂದ. ಕಾರವಾರದ ಕಡೆ ಈ ಸಲ ಮೀನು ಕಡಿಮೆ ಎಂದೂ ಹೇಳಿದ. ಮಾರುವವನು ಹಾಗನ್ನದೆ ಇನ್ನೇನು ಅಂದಾನು ಎಂದು ಹೆಂಗಸರು ನಕ್ಕರು. ಗೋವಿಂದಪ್ಪ ಮಾಳವ್ವನ ಕಡೆ ತಿರುಗಿದ.

ಮಾಳವ್ವ ಎಲ್ಲರೆದುರು ಅವತ್ತಿನ ಬಂಗಡೆ ಎತ್ತಿ ಸೀಳಿದಳು. ಹೆಬ್ಬೆರಳಿನಲ್ಲಿ ಹಸಿರು ಲೋಳೆ ತೆಗೆದು ಸಾಹುಕಾರನ ಮೂಗಿನ ಹತ್ತಿರ ಹಿಡಿದಳು. "ನೋಡ್ರಿ. ನಮ್ಮ ಕಾರವಾರದ ಕಡಲಿನ ಹೊಟ್ಟಿ ತುಂಬೈತಿ. ಮಲ್ಪಿ ಮೀನು ಎರಡ ದಿನ ಬರಫದಾಗ ಕುಂತು ಬರೂದು ನಮಗ್ಯಾಕ?"

ಎಲ್ಲರೂ ಚಪ್ಪಾಳೆ ತಟ್ಟುವುದೊಂದು ಬಾಕಿ. ಲಾರಿಗೆ ಒರಗಿ ನಿಂತಿದ್ದ ಗುಲಾಬಸಾಬ ಬಾಯಿ ತೆರೆದ, ಮುಚ್ಚಿದ, ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಒರೆಸಿಕೊಂಡ. ಸಾಹುಕಾರ ಗದಗಿಗೆ ಹೋಗಿ ಅಲ್ಲಿಯವರೊಡನೆ ಮಾತು ಮಾಡಿಕೊಂಡನೆಂದು ಎರಡು ದಿನದಲ್ಲಿ ಸುದ್ದಿ ಬಂತು.

ಅದಾದ ಮೇಲೆ ಪುಟ್ಟಿ ಇಳಿಯತೊಡಗಿತು. ನಾಲ್ಕಿದ್ದದ್ದು ಎರಡಾಯಿತು, ಎರಡು ಒಂದಾಯಿತು. ದೀಪಾವಳಿ ಅಮಾವಾಸ್ಯೆಯ ದಿನ ಮಾಳವ್ವನ ಪುಟ್ಟಿ ಕೊನೆಯ ಸಲ ತುಂಬಿತು. ಮರುದಿನದಿಂದ ಲಾರಿಯಲ್ಲಿ ಅಲ್ಪಸ್ವಲ್ಪ ಸಿಗಡಿ, ಒಂದಿಷ್ಟು ಕಲಬೆರಕೆ ಮೀನು. ಉಳಿದವರ ಪುಟ್ಟಿ ಅದರಲ್ಲೇ ಹೇಗೋ ಒಂದೊಂದು ಸಲ ತುಂಬಿತು. ಬಂಗಡೆ ಇಲ್ಲ.

ಮೊದಲ ನಾಲ್ಕು ದಿನ ಮಾಳವ್ವ ಹೆದರಲಿಲ್ಲ. ಹೊಟ್ಟೆ ಹಸಿರಿತ್ತಲ್ಲ! ಐದನೆಯ ದಿನ ರಾತ್ರಿ ನಿದ್ದೆ ಬರಲಿಲ್ಲ. ಹತ್ತನೆಯ ದಿನದ ಹೊತ್ತಿಗೆ ಲಾರಿಯ ಹಾರನ್ ಕೇಳಿದರೆ ಅತ್ತ ಮುಖ ತಿರುಗಿಸದೆ ಚಾಕು ಮಸೆಯುತ್ತಿದ್ದಳು. ಖಾಲಿ ಪುಟ್ಟಿಯನ್ನು ಮುಂದಿಟ್ಟುಕೊಂಡು ಕೂರುವುದು ಎಂಥ ನಾಚಿಕೆ ಎಂಬುದು ಕೂತವರಿಗೇ ಗೊತ್ತು. ಗಿರಾಕಿಗಳು ಬಗ್ಗಿ ನೋಡಿ ಮುಂದೆ ಹೋಗುತ್ತಿದ್ದರು. ಅವಳು ಪುಟ್ಟಿಯನ್ನು ತೊಳೆದದ್ದೇ ತೊಳೆದದ್ದು. ತೊಳೆದು ತೊಳೆದು ಬಿದಿರು ಬೆಳ್ಳಗಾಯಿತು.

ಹೊಳೆಯಪ್ಪ ಸಂಜೆ ಬಂದು ಬಾಗಿಲಲ್ಲೇ ನಿಂತು ಕೇಳುತ್ತಿದ್ದ, "ಇವತ್ತ?"

"ಇಲ್ಲ."

ಇಷ್ಟೇ ಮಾತು. ಅವನ ನಡು ಹಿಡಿದುಕೊಂಡು ಎರಡು ವರ್ಷವಾಗಿತ್ತು, ಇನ್ನೆಷ್ಟು ದಿನ ಚೀಲ ಹೊರುತ್ತಾನೋ ದೇವರೇ ಬಲ್ಲ. ಕಟ್ಟೆ ಹೋದರೆ ಮನೆ ನಿಲ್ಲುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು.

ಪೇಟೆಯ ಸರದಿಯಲ್ಲಿ ಮೊದಲು ನಿಂತವಳು ಸುಮಲತಾ. ಆಂಧ್ರದ ಕೆರೆಗಳಲ್ಲಿ ಸಾಕಿದ ಕಾಟ್ಲಾ ಮೀನು ತರಿಸುತ್ತೇನೆಂದು ಮೂರು ವರ್ಷದಿಂದ ಕಾಯುತ್ತಿದ್ದಳು. ಒಳ್ಳೆಯ ಹುಡುಗಿ, ಮಾಳವ್ವನ ಮುಖ ಕಂಡರೆ ತಾನೇ ತಪ್ಪು ಮಾಡಿದವಳಂತೆ ಬೇರೆ ದಾರಿಯಲ್ಲಿ ಹೋಗುತ್ತಿದ್ದಳು. ಅದು ಮಾಳವ್ವನಿಗೆ ಇನ್ನಷ್ಟು ಉರಿ. ಜಗಳಕ್ಕಾದರೂ ಬರಬಾರದೇ ಇವಳು ಎನ್ನಿಸುತ್ತಿತ್ತು.

ಶಿವಯೋಗೀಶನನ್ನಾದರೂ ಕೇಳೋಣವೆಂದರೆ ಅವನು ದೀಪಾವಳಿಗೂ ಊರಿಗೆ ಬಂದಿರಲಿಲ್ಲ. ಸಮೀಕ್ಷೆಯ ದೋಣಿಯಲ್ಲಿದ್ದಾನೆಂದು ಸುದ್ದಿ. ಅಮಾವಾಸ್ಯೆಗೆ ಒಂದು ದಿನ ಉಳಿದಾಗ ಮಾಳವ್ವ ಇನ್ನು ತಡೆಯಲಾರದೆ ಮುಂಜಾನೆ ಲಾರಿ ಹತ್ತಿ ಕೂತಳು. "ನಾನೂ ಬರತೇನಿ. ಕಾರವಾರದಾಗ ಏನಾಗೈತಿ ಕಣ್ಣಿಲೆ ನೋಡ್ಬೇಕು."

"ನೀ ಯಾಕ ಬೇ? ಘಟ್ಟ ಇಳಿಯೋದ್ರಾಗ ಮೈಕೈ ನುಗ್ಗಾಗತಾವ," ಎಂದ ಗುಲಾಬಸಾಬ. ಅವನ ದನಿ ನಡುಗಿದ್ದನ್ನು ಮಾಳವ್ವ ಲಾರಿಯ ನಡುಕವೆಂದುಕೊಂಡಳು.

ಕಲಘಟಗಿ ದಾಟಿತು, ಯಲ್ಲಾಪುರ ದಾಟಿತು. ಅವನು ಎಂದಿನಂತೆ ಹಾಡು ಗುನುಗಲಿಲ್ಲ. ಅಂಕೋಲೆಯ ಹತ್ತಿರ ರಸ್ತೆ ಎರಡಾಗುತ್ತದೆ. ಬಲಕ್ಕೆ ಹೋದರೆ ಕಾರವಾರ, ಎಡಕ್ಕೆ ಹೋದರೆ ಕುಮಟೆ, ಹೊನ್ನಾವರ ದಾಟಿ ಮಲ್ಪೆ. ಗುಲಾಬಸಾಬ ಲಾರಿ ನಿಲ್ಲಿಸಿ ಸ್ಟೀರಿಂಗ್ ಮೇಲೆ ಹಣೆಯಿಟ್ಟ.

"ಏನಾತು?"

"ಮಾಳವ್ವಾ, ಮೊದಲ ಎರಡ ದಿನ ಬಿಟ್ರ ನಾ ಈ ವರ್ಷ ಬಲಕ್ಕ ಹೊಳ್ಳೇ ಇಲ್ಲ."

ಅವಳಿಗೆ ತಿಳಿಯಲಿಲ್ಲ.

"ದೋಣಿ ಇಳಿದ ಎರಡನೇ ದಿನಾನ ಕಾರವಾರದಾಗ ಬಂಗಡಿ ಇರಲಿಲ್ಲ. ಖಾಲಿ ಲಾರಿ ತಂದು ನಿಮ್ಮ ಮುಂದ ಹ್ಯಾಂಗ ನಿಲ್ಸಲಿ? ಎಡಕ್ಕ ಹೊಳ್ಳಿ ಮಲ್ಪಿಗೆ ಹೋಗಿ ಬಿಡಿ ಮೀನು ಹಿಡಕೊಂಡ ಬಂದೆ. ಅಲ್ಲಿ ಬೇಕಾದಷ್ಟಿತ್ತು. ಬಂಗಡಿ ಬಂಗಡೀನ, ಯಾವ ಊರಿಂದಾದ್ರೇನು ಅನ್ಕೊಂಡೆ. ದಿನಾ ಹಂಗ ಮಾಡಿದೆ. ಅಲ್ಲಾನ ಆಣಿ, ಕೆಟ್ಟದ್ದು ಬಗದು ಮಾಡ್ಲಿಲ್ಲ. ಆ ಸಾಹುಕಾರ ಗದಗಿನವರಿಗೆ ಮಾತು ಕೊಟ್ಟ ಮ್ಯಾಲ ಅಲ್ಲಿ ನನಗೊಂದು ಮೀನು ಸಿಗವಲ್ದು."

ಮಾಳವ್ವನಿಗೆ ಒಂದೊಂದೇ ಎಳೆ ಬಿಡಿಸಿಕೊಂಡಿತು. ಘಟ್ಟದಲ್ಲಿ ಕೆಟ್ಟ ಲಾರಿ, ಹತ್ತಕ್ಕೆ ಬಂದ ಮೀನು, ಹೆಬ್ಬೆರಳಿನ ಮೇಲಿದ್ದ ಹಸಿರು. ಯಾವ ಮೀನನ್ನು ಬೇಡವೆಂದು ಸಾಹುಕಾರನನ್ನು ಓಡಿಸಿದ್ದಳೋ ಅದೇ ಮೀನಿನ ಹೊಟ್ಟೆಯನ್ನು ಅವನ ಮೂಗಿಗೆ ಹಿಡಿದಿದ್ದಳು.

"ನಾ ಇಷ್ಟ ದಿನ ಯಾವ ಕಡಲಿನ ಹೊಟ್ಟಿ ನೋಡಿದ್ನೋ ಅಣ್ಣಾ?" ಎಂದಳು. ದನಿ ಏರಲಿಲ್ಲ. ಏರಿದ್ದರೆ ಗುಲಾಬಸಾಬನಿಗೆ ಹಗುರಾಗುತ್ತಿತ್ತು.

"ಆವತ್ತ ನಾ ಬಾಯಿ ಬಿಡಬೇಕಿತ್ತು."

"ಬಿಡಬೇಕಿತ್ತು. ನಡಿ, ಬಲಕ್ಕ ಹೊಳ್ಳಸು."

ಕಾರವಾರದಲ್ಲಿ ಅವಳು ಮೊದಲ ಸಲ ಕಡಲು ಕಂಡಳು. ಕಣ್ಣು ಹಾಯುವವರೆಗೂ ನೀರಿತ್ತು, ಬಂದರಿನಲ್ಲಿ ದೋಣಿಗಳು ಸುಮ್ಮನೆ ನಿಂತಿದ್ದವು. ಇಷ್ಟು ನೀರಿಟ್ಟುಕೊಂಡು ಒಂದು ಪುಟ್ಟಿ ಮೀನು ಕೊಡಲಾರೆಯಾ ಎಂದು ಅವಳಿಗೆ ಸಿಟ್ಟು ಬಂತು. ಸೀರೆ ಎತ್ತಿ ಕಟ್ಟಿ ಇಳಿದು ಕೈ ಅದ್ದಿದಳು. ಎರೆದುಕೊಳ್ಳುವ ನೀರಿನ ಹಾಗೆ ಬೆಚ್ಚಗಿತ್ತು. ಸುಟ್ಟುಕೊಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಸಮೀಕ್ಷೆಯ ದೋಣಿಯಿಂದ ದಂಡೆಗೆ ಮರಳಿದ್ದ ಶಿವಯೋಗೀಶ ಅವಳನ್ನು ಕಂಡು ಬೆರಗಾದ. ತನ್ನ ಕಚೇರಿಗೆ ಕರೆದು ಕೂರಿಸಿ, ಫ್ಯಾಕ್ಸಿನಲ್ಲಿ ಬಂದ ಒಂದು ನಕ್ಷೆಯನ್ನು ಮೇಜಿನ ಮೇಲೆ ಹರಡಿದ. ಆಕಾಶದಲ್ಲಿ ತಿರುಗುವ ಉಪಗ್ರಹ ಕಡಲಿನ ಬಿಸಿ ಅಳೆದು ಕಳಿಸಿದ ಲೆಕ್ಕ ಅದು. ಬೆಚ್ಚಗಿನ ನೀರಿದ್ದಲ್ಲಿ ಅವನು ಕೆಂಪು ಪೆನ್ಸಿಲ್ ಎಳೆದಿದ್ದ, ತಣ್ಣಗಿದ್ದಲ್ಲಿ ನೀಲಿ. ಕಾರವಾರದ ದಂಡೆಯೆಲ್ಲ ಕೆಂಪು. ನೀಲಿ ಎಲ್ಲೋ ಕೆಳಗೆ, ತೆಂಕಣದಲ್ಲಿ.

"ಗಾಳಿ ಸೋತೈತ್ರಿ ಈ ವರ್ಷ. ತಳದ ನೀರು ಇಲ್ಲಿ ಮ್ಯಾಲ ಏರಿಲ್ಲ."

"ರಂಟಿ ಹೊಡದಿಲ್ಲ."

"ಹೊಡದಿಲ್ಲ."

"ಬಂಗಡಿ ಬರತೈತೋ ಇಲ್ಲೋ? ನನಗ ಒಂದ ಮಾತು ಹೇಳ್ರಿ. ನಾಳಿ ಅಮಾಸಿ."

ಅವನು ಪೆನ್ಸಿಲ್ ತಿರುಗಿಸುತ್ತ ಕೂತ. ಓದಿದವರಿಗೆ ಒಂದು ಮಾತಿನಲ್ಲಿ ಹೇಳುವುದು ಯಾವಾಗಲೂ ಕಷ್ಟ. ಕೊನೆಗೆ, "ಈ ಹಂಗಾಮಿನಾಗ ಬರೂ ಹಂಗ ಕಾಣೂದಿಲ್ರಿ. ಇನ್ನೊಂದು ಮಳಿಗಾಲ ದಾಟಬೇಕು," ಎಂದ. ಅವತ್ತು ಅವರ ಪರೀಕ್ಷೆಯ ಬಲೆಗೆ ಮೂರೇ ಮೂರು ಬಂಗಡೆ ಬಿದ್ದಿದ್ದವು. ಅವನ್ನು ಬರಫದಲ್ಲಿ ಸುತ್ತಿ ಅವಳ ಕೈಗಿಟ್ಟ.

ಅಮಾವಾಸ್ಯೆಯ ಮುಂಜಾನೆ ಲಾರಿ ಪೇಟೆಗೆ ಬಂದಾಗ ಎಲ್ಲರೂ ಸೇರಿದ್ದರು. ಮಾಳವ್ವ ಇಳಿಯುವ ಮೊದಲೇ ಗುಲಾಬಸಾಬ ಕೈಮುಗಿದು ನಿಂತು, ಎಡಕ್ಕೆ ಹೊರಳಿದ್ದು, ಬಾಯಿ ಮುಚ್ಚಿಕೊಂಡದ್ದು ಎಲ್ಲವನ್ನೂ ಒದರಿಬಿಟ್ಟ. ಹೆಂಗಸರು ಅವನನ್ನು ಹರಿದು ತಿನ್ನುವುದೊಂದು ಬಾಕಿ. ಗೋವಿಂದಪ್ಪ ಅವರನ್ನು ಸುಮ್ಮನಾಗಿಸಿದ.

"ಮಾಳವ್ವಾ, ತಪ್ಪು ನಿಂದಲ್ಲ ಅಂತ ಎಲ್ಲಾರಿಗೂ ಗೊತ್ತಾತು," ಎಂದ. "ಆದ್ರ ಕಟ್ಟಳಿ ಕಟ್ಟಳೀನ. ಪುಟ್ಟಿ ತುಂಬಿಲ್ಲ. ಆಂಧ್ರದ ಕಾಟ್ಲಾ ಲಾರಿಯವ ಹೂಂ ಅಥವಾ ಊಹೂಂ ಅಂತ ಇವತ್ತ ಕೇಳಾಕತ್ತಾನ. ಮೀನು ದಾರ್ಯಾಗ ಐತಿ ಅಂತ ನೀ ಒಂದ ಮಾತು ಕೊಡು, ಅವನ್ನ ವಾಪಸ್ ಕಳಸ್ತೇನಿ. ಕಟ್ಟಿ ನಿಂದ."

ಅವನು ಹಾಗೆ ಮಾತನ್ನು ಬಾಯಿಗೇ ಇಟ್ಟು ಕೊಟ್ಟದ್ದು ಪೇಟೆಯ ಇತಿಹಾಸದಲ್ಲಿ ಮೊದಲು. ಹಿಂದೆ ನಿಂತಿದ್ದ ಸುಮಲತಾ ನೆಲ ನೋಡುತ್ತಿದ್ದಳು.

ಮಾಳವ್ವ ಕಟ್ಟೆ ಏರಿ ಕೂತು ಬರಫದ ಗಂಟು ಬಿಚ್ಚಿದಳು. ದೊಡ್ಡದನ್ನು ಆರಿಸಿ ಸೀಳಿದಳು. ಕರುಳು ಬೆನ್ನಿಗೆ ಅಂಟಿಕೊಂಡಿತ್ತು. ಚಾಕುವಿನ ತುದಿಯಿಂದ ಕೆದಕಿದಳು. ಏನೂ ಇರಲಿಲ್ಲ. ಎರಡನೆಯದನ್ನು ಸೀಳಿದಳು, ಮೂರನೆಯದನ್ನೂ ಸೀಳಿದಳು. ಅವೂ ಖಾಲಿ. ಚಾಕು ಕೆಳಗಿಟ್ಟಳು.

ಸಿತಾರಾ ಪಕ್ಕಕ್ಕೆ ಸರಿದು ಕಿವಿಯಲ್ಲಿ ಉಸುರಿದಳು. "ಯವ್ವಾ, ಖಾಲಿ ಹೊಟ್ಟಿಗೆ ಎರಡ ಅರ್ಥ ಅದಾವ. ದಾರಿ ಹಿಡದ ಮೀನು ಏನೂ ತಿನ್ನೂದಿಲ್ಲ ಅಂತ ಅನ್ನು. ಯಾರಿಗೆ ಗೊತ್ತಾಗತೈತಿ? ಬೀಸೋ ದೊಣ್ಣಿ ತಪ್ಪಿದ್ರ ಸಾವಿರ ವರ್ಷ ಆಯುಷ್ಯ."

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅದು ನಿಜ. ಹನ್ನೊಂದು ಕಟ್ಟೆಗಳಲ್ಲಿ ಹೊಟ್ಟೆ ಓದುವವಳು ಅವಳೊಬ್ಬಳೇ. ಒಂದು ತಿಂಗಳು ಸಿಕ್ಕರೆ ಏನಾದರೂ ಆದೀತು, ಗಾಳಿ ತಿರುಗೀತು, ಹೊಳೆಯಪ್ಪನ ಮುಂದೆ ಸಂಜೆ "ಕಟ್ಟಿ ಉಳೀತು" ಎನ್ನಬಹುದು. ಎದುರಿಗೆ ಹತ್ತು ಹೆಂಗಸರ ಮುಖವಿತ್ತು. ಅವಳು ಹೂಂ ಎಂದರೆ ಅವರು ಮತ್ತೆ ಕಾರವಾರದ ದಾರಿ ಕಾಯುತ್ತಾರೆ, ಬಂದ ಲಾರಿಯನ್ನು ಮತ್ತೆ ಓಡಿಸುತ್ತಾರೆ. ಅವಳು ಹೇಳಿದ್ದಾಳೆ ಎನ್ನುವುದೊಂದೇ ಅವರಿಗೆ ಆಧಾರ.

"ಬರೂದಿಲ್ಲ," ಎಂದಳು ಮಾಳವ್ವ.

ಗೋವಿಂದಪ್ಪ ಕೇಳಿಸದವನಂತೆ, "ಏನಂದಿ?" ಎಂದ.

"ಬಂಗಡಿ ಈ ಹಂಗಾಮಿನಾಗ ಬರೂದಿಲ್ರಿ. ಕಾಟ್ಲಾ ಲಾರಿಯವಗ ಹೂಂ ಅಂತ ಹೇಳ್ರಿ." ಪುಟ್ಟಿ ಎತ್ತಿಕೊಂಡು ಕಟ್ಟೆ ಇಳಿದಳು. ಸುಮಲತಾ ಅಳುತ್ತ ಕಾಲಿಗೆ ಬೀಳಲು ಬಂದಳು. "ಏಳ ಬೇ. ಮೊದಲ ಕಟ್ಟಿ ತೊಳಿ, ಬಂಗಡಿ ವಾಸನಿ ಹತ್ತಿದ್ರ ನಿನ್ನ ಕಾಟ್ಲಾ ಯಾರೂ ಒಯ್ಯೂದಿಲ್ಲ," ಎಂದು ಅವಳನ್ನೇ ಗದರಿಸಿ ನಡೆದುಬಿಟ್ಟಳು. ಓಣಿಯ ತಿರುವು ದಾಟಿದ ಮೇಲೆ ಗೋಡೆ ಹಿಡಿದು ಬಹಳ ಹೊತ್ತು ನಿಂತಿದ್ದಳಂತೆ. ಕಂಡವರು ಹೇಳಿದ್ದು.

ಮರುವರ್ಷ ಮಳೆಗಾಲದ ಗಾಳಿ ಸರಿಯಾಗಿ ಬೀಸಿತು. ಸೆಪ್ಟೆಂಬರಿನಲ್ಲಿ ಕಾರವಾರದ ಬಂಗಡೆ ಹುಬ್ಬಳ್ಳಿಯ ದೊಡ್ಡ ಮಾರುಕಟ್ಟೆಯಲ್ಲಿ ರಾಶಿ ರಾಶಿ ಬಿತ್ತು. ಈ ಪೇಟೆಯಲ್ಲಿ ಬಂಗಡೆ ಕಟ್ಟೆಯೇ ಇರಲಿಲ್ಲ. ಮಾಳವ್ವ ಮುಂದಿನ ಎಂಟೊಂಬತ್ತು ವರ್ಷ ದೊಡ್ಡ ಮಾರುಕಟ್ಟೆಯಿಂದ ಮೀನು ಕೊಂಡು ತಲೆಯ ಮೇಲೆ ಹೊತ್ತು ಓಣಿ ಓಣಿ ತಿರುಗಿ ಮಾರಿದಳು. ಮೊಳಕಾಲು ಬಾತು ಕೂತಲ್ಲಿಂದ ಏಳಲಾರದ ಹಾಗಾಯಿತು. ಹೊಳೆಯಪ್ಪ ನಡುನೋವಿನಿಂದ ಮಲಗಿದವನು ಮೇಲೇಳಲಿಲ್ಲ.

ಬಂಗಡೆ ಬಂದ ಪ್ರತಿ ಸೆಪ್ಟೆಂಬರಿನಲ್ಲೂ ಸಿತಾರಾ ಅವಳ ಮನೆಗೆ ಬಂದು ಮೊಳಕಾಲಿಗೆ ಎಣ್ಣೆ ತಿಕ್ಕುತ್ತ ಅದೇ ಜಗಳ ತೆಗೆಯುತ್ತಿದ್ದಳು. "ಒಂದ ಸುಳ್ಳು! ಒಂದ ತಿಂಗಳಿಗೆ ಒಂದ ಸುಳ್ಳು ಹೇಳಾಕ ನಿನಗೇನು ದಾಡಿಯಾಗಿತ್ತು? ಆ ಗೋವಿಂದಪ್ಪ ಹಿಂದಿಂದ ಮತ್ತೊಂದು ತಿಂಗಳು ಕೊಡತಿದ್ದ. ಇವತ್ತ ನೀ ಕಟ್ಟಿ ಮ್ಯಾಲ ಇರತಿದ್ದಿ."

ಮಾಳವ್ವ ಪ್ರತಿ ಸಲ ಬೇರೆ ಬೇರೆ ಮಾತು ತೆಗೆದು ಜಾರಿಕೊಳ್ಳುತ್ತಿದ್ದಳು. ಎರಡು ಸಾವಿರದ ಆರರಲ್ಲಿ ಒಮ್ಮೆ ಮಾತ್ರ ಸಿಟ್ಟಿಗೆದ್ದು ಕಾಲು ಎಳೆದುಕೊಂಡಳು.

"ಆ ಸಾಹುಕಾರನ ಮುಂದ ಗೊತ್ತಿಲ್ದನ ಒಂದ ಸುಳ್ಳು ಹೇಳಿ ಹನ್ನೊಂದ ಕಟ್ಟಿ ಬರಿದು ಮಾಡಿದ್ನಿ. ಗೊತ್ತಿದ್ದು ಎರಡನೇದು ಹ್ಯಾಂಗ ಹೇಳ್ಲಿ ಸಿತಾರಾ?"

ಸಿತಾರಾ ಎಣ್ಣೆಯ ಬಟ್ಟಲು ಕೆಳಗಿಟ್ಟಳು. ಆಮೇಲೆ ಆ ಕಾಲನ್ನು ಮತ್ತೆ ತನ್ನ ತೊಡೆಯ ಮೇಲೆ ಎಳೆದುಕೊಂಡು ತಿಕ್ಕತೊಡಗಿದಳು.